ಬಜೆಟ್ಟಿನ ಕೋಟಿ, ನಮ್ಮ ಹಳ್ಳದ ಮೋರಿ

ಈ ಪತ್ರಿಕೆಯಲ್ಲಿ ಬಿತ್ತನೆ, ಗೊಬ್ಬರ, ಬದು ಅಂತ ಅನುಭವ ಬರೆಯೋ ರೈತರು ಬಹಳ ಜನ ಇದ್ದಾರೆ. ಈ ಸಲ ನಾನು ಸರ್ಕಾರದ ಬಜೆಟ್ ಬಗ್ಗೆ ಬರೀತೀನಿ ಅಂದಾಗ ಮನೆಯಲ್ಲೇ ನಕ್ಕರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕೋಟಿಗಳ ಲೆಕ್ಕ ಯಾಕೆ ಅಂತ. ನನಗೂ ಬೇಕಾಗಿರಲಿಲ್ಲ. ಊರ ಮುಂದಿನ ಹಳ್ಳದ ಮೇಲೆ ಒಂದು ಮೋರಿ ಕಟ್ಟಿದರು. ಅಲ್ಲಿಂದ ಶುರುವಾಯಿತು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಬಯಲು. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ. ಅದೂ ದಿನಾ ಒಂದಿಷ್ಟು ಅಂತ ಬರೋದಲ್ಲ. ನಾಲ್ಕೈದು ದೊಡ್ಡ ಮಳೆ ಬಂದರೆ ಆ ವರ್ಷದ ಕಥೆ ಮುಗಿಯಿತು. ಆ ನಾಲ್ಕೈದು ಮಳೆಯ ನೀರು ಗುಡ್ಡದಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಬಂದು ನಿಂತರೆ ಕೆರೆ ಕೆಳಗಿನ ಬಾವಿ, ಬೋರು ಎರಡು ವರ್ಷ ಬದುಕುತ್ತವೆ. ಶೇಂಗಾ, ತೊಗರಿ ಮಳೆಯಲ್ಲೇ ಆಗುತ್ತೆ. ಆದರೆ ದನಕ್ಕೆ ನೀರು, ಒಂದೆಕರೆ ಈರುಳ್ಳಿ, ಮನೆ ಹಿಂದಿನ ನಾಲ್ಕು ತೆಂಗು, ಇದೆಲ್ಲ ಕೆರೆ ಮೇಲೆ ನಿಂತಿರೋದು.

ಒಂದು ಲೆಕ್ಕ ಹೇಳುತ್ತೇನೆ. ಒಂದೆಕರೆ ಮೇಲೆ ಒಂದಿಂಚು ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ನಮ್ಮ ಹಳ್ಳಕ್ಕೆ ನೀರು ಇಳಿಯೋ ಜಾಗ ಸುಮಾರು ನಾನೂರು ಎಕರೆ. ಎರಡಿಂಚು ಮಳೆ ಬಿದ್ದು, ಮುಕ್ಕಾಲು ಪಾಲು ಭೂಮಿ ಕುಡಿದು, ಕಾಲು ಪಾಲು ಹರಿದರೂ ಎರಡು ಕೋಟಿ ಲೀಟರ್ ಆಯಿತು. ಕೋಟಿ ಅನ್ನೋದು ಬೆಂಗಳೂರಿನವರಿಗೆ ಮಾತ್ರ ಗೊತ್ತಿರೋ ಲೆಕ್ಕ ಅಲ್ಲ.

ಕಲ್ಲು ಮೋರಿ ಹೋಗಿ ಪೈಪು ಬಂತು

ಹಳ್ಳದ ಮೇಲೆ ಮೊದಲು ಕಲ್ಲು ಚಪ್ಪಡಿಯ ಮೋರಿ ಇತ್ತು. ಯಾರ ಕಾಲದ್ದೋ ಗೊತ್ತಿಲ್ಲ. ಮೂರು ಕಣ್ಣು, ಒಂದೊಂದು ಕಣ್ಣು ನಾಲ್ಕಡಿ ಅಗಲ, ಮೂರಡಿ ಎತ್ತರ. ಮಣ್ಣಿನ ರಸ್ತೆ. ದೊಡ್ಡ ಮಳೆ ಬಂದರೆ ಕಣ್ಣು ತುಂಬಿ, ಉಳಿದ ನೀರು ರಸ್ತೆ ಮೇಲೆ ಹರಿದು ಮತ್ತೆ ಹಳ್ಳಕ್ಕೇ ಬೀಳೋದು. ಅವತ್ತು ಒಂದೆರಡು ತಾಸು ಬಸ್ಸು ನಿಲ್ಲುತ್ತಿತ್ತು, ಕೆರೆ ತುಂಬುತ್ತಿತ್ತು.

2016ರಲ್ಲಿ ರಸ್ತೆಗೆ ಡಾಂಬರು ಬಂತು. ಮೂರು ಕಿಲೋಮೀಟರಿಗೆ ಒಂದೂವರೆ ಕೋಟಿ ಚಿಲ್ಲರೆ. ನಾವೇ ಅರ್ಜಿ ಹಾಕಿ, ಓಡಾಡಿ, ಕೈಕಾಲು ಹಿಡಿದು ತಂದ ರಸ್ತೆ ಅದು. ಸುಳ್ಳು ಯಾಕೆ, ಪೂಜೆ ದಿನ ತೆಂಗಿನಕಾಯಿ ಒಡೆದವರಲ್ಲಿ ನಾನೂ ಒಬ್ಬ. ಹಳ್ಳದ ಹತ್ತಿರ ರಸ್ತೆಯನ್ನು ಮೂರಡಿ ಎತ್ತರ ಮಾಡಿದರು. ಕಲ್ಲು ಮೋರಿ ಕಿತ್ತು ಎರಡಡಿ ಬಾಯಿಯ ಎರಡು ಸಿಮೆಂಟ್ ಪೈಪು ಇಟ್ಟು ಮುಚ್ಚಿದರು. ನೋಡೋಕೆ ಅಚ್ಚುಕಟ್ಟಾಗಿತ್ತು.

ಆ ವರ್ಷ ಬರ. ಹಳ್ಳ ಹರಿಯಲೇ ಇಲ್ಲ, ಹಾಗಾಗಿ ಮೋರಿ ಪರೀಕ್ಷೆಯೂ ಆಗಲಿಲ್ಲ. 2017ರಲ್ಲಿ ಉತ್ತರೆ, ಹಸ್ತ ಎರಡೂ ಚೆನ್ನಾಗಿ ಬಂದವು. ಮುಳ್ಳು, ಸೊಪ್ಪು, ಕಳೆ ಕೊಚ್ಚಿಕೊಂಡು ಬಂದ ನೀರು ಪೈಪಿನ ಬಾಯಿ ಕಟ್ಟಿತು. ರಸ್ತೆ ಏರಿ ಥರ ನಿಂತಿತ್ತಲ್ಲ, ನೀರು ಮೇಲೂ ಹೋಗಲಾರದೆ ಕೆಳಗೂ ಹೋಗಲಾರದೆ ಮೇಲುಗಡೆ ಹೊಲಕ್ಕೆ ನುಗ್ಗಿತು. ನಮ್ಮ ದಾಯಾದಿ ತಮ್ಮನ ಎರಡೆಕರೆ ಶೇಂಗಾ, ಇನ್ನೇನು ಕೀಳಬೇಕು ಅನ್ನೋ ಹೊತ್ತಿಗೆ, ನಾಲ್ಕು ದಿನ ನೀರಲ್ಲಿ ನಿಂತು ಅಲ್ಲೇ ಮೊಳಕೆ ಬಂತು. ಉಳಿದ ನೀರು ರಸ್ತೆ ಪಕ್ಕದ ಚರಂಡಿ ಹಿಡಿದು ಅರ್ಧ ಮೈಲಿ ಹೋಗಿ ಬೇರೆ ಹಳ್ಳಕ್ಕೆ ಬಿತ್ತು. ಕೆರೆಗೆ ಮೊಣಕಾಲುದ್ದ ನೀರು ಬಂದಿದ್ದರೆ ಹೆಚ್ಚು.

ಆಮೇಲೆ ಒಂದು ಸಂಜೆ ಟೇಪು ಹಿಡಿದು ಲೆಕ್ಕ ಹಾಕಿದೆವು. ಹಳೇ ಮೋರಿಯ ಮೂರು ಕಣ್ಣು ಸೇರಿ 36 ಚದರಡಿ ಬಾಯಿ. ಹೊಸ ಪೈಪು ಎರಡೂ ಸೇರಿ ಆರೂಕಾಲು ಚದರಡಿ. ಆರು ಪಾಲಿದ್ದ ದಾರಿಯನ್ನು ಒಂದು ಪಾಲಿಗೆ ಇಳಿಸಿದ್ದರು. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ.

ಎಸ್ಟಿಮೇಟ್ ಕಾಪಿ

ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಗುತ್ತಿಗೆದಾರ ದುಡ್ಡು ನುಂಗಿದ, ದೊಡ್ಡ ಪೈಪು ಬರೆದು ಸಣ್ಣ ಪೈಪು ಇಟ್ಟ. ನಾನೂ ಹಾಗೇ ಅಂದುಕೊಂಡೆ. ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ರಾಜ್ಯದ ಗುತ್ತಿಗೆದಾರರ ಸಂಘದವರೇ 2021ರಲ್ಲಿ ಕಮಿಷನ್ ಕಾಟ ತಡೆಯಲಾಗ್ತಿಲ್ಲ ಅಂತ ಪ್ರಧಾನಿಗೆ ಕಾಗದ ಬರೆದದ್ದು ಪೇಪರಿನಲ್ಲೆಲ್ಲ ಬಂತು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಹತ್ತು ರೂಪಾಯಿ ಶುಲ್ಕ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು ಅಂತ ಕರ್ನಾಟಕದಲ್ಲಿ ನಿಯಮ. ನಮ್ಮ ಮೊದಲನೇ ಅರ್ಜಿ ನಾಲ್ಕು ಪುಟ ಇತ್ತು, ವಾಪಸ್ ಬಂತು. ಎರಡನೇ ಸಲ ಮೂರೇ ಸಾಲು: ಈ ರಸ್ತೆಯ ಅಂದಾಜುಪಟ್ಟಿ, ನಕ್ಷೆ, ಅಳತೆ ಪುಸ್ತಕ ಇವುಗಳ ನಕಲು ಕೊಡಿ. ಮೂವತ್ತು ದಿನದೊಳಗೆ ಕೊಡಬೇಕು, ನಮಗೆ ಐವತ್ತು ದಿನಕ್ಕೆ ಸಿಕ್ಕಿತು.

ಬಿಚ್ಚಿ ನೋಡಿದರೆ ಎಸ್ಟಿಮೇಟಿನಲ್ಲೇ ಎರಡಡಿ ಪೈಪು, ಎರಡು ಸಾಲು ಅಂತ ಇತ್ತು. ಬರೆದ ಹಾಗೇ ಇಟ್ಟಿದ್ದ. ಅಳತೆ ಪುಸ್ತಕವೂ ಸರಿ, ಬಿಲ್ಲೂ ಸರಿ. ಕಳ್ಳತನ ಆಗಿದ್ದರೆ ಹಿಡಿಯೋದು ಸುಲಭವಿತ್ತು. ಇಲ್ಲಿ ತಪ್ಪು ಕಾಗದದಲ್ಲೇ ಇತ್ತು. ಎಸ್ಟಿಮೇಟ್ ಬರೆದವರು ಬೇಸಿಗೆಯಲ್ಲಿ ಬಂದಿದ್ದರು. ಒಣಗಿದ ಹಳ್ಳ ನೋಡಿದ್ದರು. ಮೂರು ಕಿಲೋಮೀಟರಿನಲ್ಲಿ ಇದ್ದ ಐದೂ ಮೋರಿಗೆ ಒಂದೇ ಅಳತೆ ಬರೆದಿದ್ದರು. ಊರಿನ ಒಬ್ಬ ಮುದುಕರನ್ನು ಕೇಳಿದ್ದರೂ ನೀರು ಎಲ್ಲಿಯವರೆಗೆ ಏರುತ್ತೆ ಅಂತ ಬೇಲಿ ಕಲ್ಲು ಮುಟ್ಟಿ ತೋರಿಸುತ್ತಿದ್ದರು.

ಅದಕ್ಕೇ ಹೇಳೋದು, ಊರಿಗೆ ಕಾಮಗಾರಿ ಬಂತು ಅಂದರೆ ಕೆಲಸ ಶುರುವಾಗೋ ಮೊದಲೇ ಎಸ್ಟಿಮೇಟ್ ಕೇಳಿ. ಅದರಲ್ಲಿ ಮಣ್ಣಿನ ಕೆಲಸ ಎಷ್ಟು, ಜಲ್ಲಿ ಎಷ್ಟು, ಮೋರಿ ಎಲ್ಲೆಲ್ಲಿ, ಬಾಯಿ ಎಷ್ಟು ಅಗಲ ಅಂತ ಇರುತ್ತೆ. ಕಡೇ ಹಾಳೆಯಲ್ಲಿ ಜಿಎಸ್‌ಟಿ, ಒಂದು ಪರ್ಸೆಂಟ್ ಕಾರ್ಮಿಕ ಸೆಸ್ ಎಲ್ಲ ಸೇರಿ ಒಟ್ಟು ಮೊತ್ತ. ದರ ಎಲ್ಲ ಇಲಾಖೆಯ ದರಪಟ್ಟಿ ಪ್ರಕಾರ, ಅದರಲ್ಲಿ ನಾವು ತಲೆ ಹಾಕಿ ಲಾಭವಿಲ್ಲ. ನಾವು ನೋಡಬೇಕಾದದ್ದು ನೀರಿನ ದಾರಿ ಒಂದನ್ನೇ. ಕೆಲಸ ಮುಗಿದ ಮೇಲೆ ಕೇಳಿದರೆ ನಮ್ಮ ಥರ ಐದು ವರ್ಷ ಅಲೆಯಬೇಕಾಗುತ್ತೆ.

5054 ಮತ್ತು 3054

ಕಾಪಿ ಹಿಡಿದು ಆಫೀಸಿಗೆ ಹೋದೆವು. ಅಲ್ಲಿದ್ದ ಇಂಜಿನಿಯರ್ ಹೊಸಬರು, ಒಳ್ಳೇ ಮನುಷ್ಯ. ಕೂರಿಸಿ ಮಾತಾಡಿದರು.

"ಯಜಮಾನ್ರೇ, ನೀವು ಹೇಳೋದು ಸರಿ ಐತೆ. ಮೋರಿ ಸಣ್ಣದಾಗಿದೆ. ಆದ್ರೆ ಇದನ್ನ ಯಾವ ಹೆಡ್ಡಲ್ಲಿ ಮಾಡ್ಲಿ?"

"ಹೆಡ್ಡು ಅಂದ್ರೆ ಏನು ಸಾರ್?" ಅಂದೆ.

ಅವರು ಒಂದು ಚೀಟಿಯಲ್ಲಿ ಎರಡು ನಂಬರು ಬರೆದು ಕೊಟ್ಟರು, 5054 ಮತ್ತು 3054. ಆ ಚೀಟಿ ಇನ್ನೂ ನನ್ನ ಪಹಣಿ ಕಾಗದಗಳ ಜೊತೆ ಇದೆ. ಸರ್ಕಾರದ ಪ್ರತಿಯೊಂದು ಖರ್ಚಿಗೂ ಒಂದು ಲೆಕ್ಕಶೀರ್ಷಿಕೆ ಇರುತ್ತೆ. ರಸ್ತೆ, ಸೇತುವೆ ಹೊಸದಾಗಿ ಕಟ್ಟೋದಕ್ಕೆ 5054. ಇದ್ದ ರಸ್ತೆ ನೋಡಿಕೊಳ್ಳೋದಕ್ಕೆ 3054. ಅದೇ ಥರ ಸಣ್ಣ ನೀರಾವರಿಯಲ್ಲಿ ಕಟ್ಟೋದಕ್ಕೆ 4702, ರಿಪೇರಿ ಮುಂತಾದ್ದಕ್ಕೆ 2702. ನಾಲ್ಕು, ಐದರಿಂದ ಶುರುವಾಗೋದು ಬಂಡವಾಳ ವೆಚ್ಚ, ಎರಡು, ಮೂರರಿಂದ ಶುರುವಾಗೋದು ರಾಜಸ್ವ ವೆಚ್ಚ. ನಮ್ಮ ಭಾಷೆಯಲ್ಲಿ, ಬಾವಿ ತೋಡೋ ದುಡ್ಡು ಬೇರೆ, ಬಾವಿಯ ಹೂಳು ತೆಗೆಯೋ ದುಡ್ಡು ಬೇರೆ. ಒಂದರದ್ದು ತೆಗೆದು ಇನ್ನೊಂದಕ್ಕೆ ಹಾಕೋ ಹಾಗಿಲ್ಲ.

ಗುತ್ತಿಗೆದಾರನಿಗೆ ಐದು ವರ್ಷ ನಿರ್ವಹಣೆಯ ಕರಾರು ಇತ್ತು. ಗುಂಡಿ ಬಿದ್ದರೆ ಮುಚ್ಚಬೇಕು, ಪೈಪು ಒಡೆದರೆ ಹಾಕಬೇಕು. ಆದರೆ ಪೈಪು ಸಣ್ಣದು ಅನ್ನೋದು ಅವನ ತಪ್ಪಲ್ಲ. ನಿರ್ವಹಣೆ ದುಡ್ಡಿನಲ್ಲಿ ಹೊಸ ಮೋರಿ ಕಟ್ಟಲು ಬರೋಲ್ಲ. ಹೊಸ ಮೋರಿ ಅಂತ ಕೇಳಿದರೆ, ಈಗ ತಾನೇ ರಸ್ತೆ ಆಗಿದೆ, ಅದಕ್ಕೇ ಮತ್ತೆ ದುಡ್ಡು ಹೇಗೆ ಕೊಡೋದು ಅಂತಾರೆ. ಹೀಗೆ ಎರಡು ನಂಬರಿನ ಮಧ್ಯೆ ನಮ್ಮ ಕೆರೆ ಸಿಕ್ಕಿಕೊಂಡಿತು.

ಅವತ್ತಿನಿಂದ ಬಜೆಟ್ ದಿನ ರೇಡಿಯೋ, ಟಿವಿ ಮುಂದೆ ಕೂರೋ ಚಾಳಿ ಹತ್ತಿತು. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಂಡಿಸಿದ 2025-26ರ ಬಜೆಟ್ ಒಟ್ಟು 4,09,549 ಕೋಟಿಯದು. ಅದರಲ್ಲಿ ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ 71,336 ಕೋಟಿ, ಸಾಲದ ಅಸಲು ತೀರಿಸಲು 26,474 ಕೋಟಿ. ನೂರು ರೂಪಾಯಿ ಅಂತ ಇಟ್ಟುಕೊಂಡರೆ 76 ರೂಪಾಯಿ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ, ಗ್ಯಾರಂಟಿ ಇಂಥ ನಡೆಸಿಕೊಂಡು ಹೋಗೋ ಖರ್ಚಿಗೆ. ಆರೂವರೆ ಹಳೇ ಸಾಲಕ್ಕೆ. ಹದಿನೇಳೂವರೆ ರೂಪಾಯಿ ಹತ್ತಿರ ಹತ್ತಿರ ಹೊಸದಾಗಿ ಏನಾದರೂ ಮಾಡೋದಕ್ಕೆ. ರಸ್ತೆ, ಅಣೆಕಟ್ಟೆ, ಕಾಲುವೆ, ಆಸ್ಪತ್ರೆ ಕಟ್ಟಡ ಎಲ್ಲ ಹೆಚ್ಚಾಗಿ ಈ ಹದಿನೇಳೂವರೆಯೊಳಗೆ ಬರಬೇಕು.

ಅದೇ ಬಜೆಟ್ಟಿನಲ್ಲಿ ಮುಖ್ಯಮಂತ್ರಿಗಳ ಮೂಲಸೌಕರ್ಯ ಅಭಿವೃದ್ಧಿ ಕಾರ್ಯಕ್ರಮ ಅಂತ 8,000 ಕೋಟಿ ಹೇಳಿದರು. ಸಣ್ಣ ನೀರಾವರಿ, ರಸ್ತೆ ಇಂಥದ್ದಕ್ಕೆ. 224 ಕ್ಷೇತ್ರಕ್ಕೆ ಸುಮ್ಮನೆ ಭಾಗಿಸಿದರೆ ಒಂದೊಂದಕ್ಕೆ 35 ಕೋಟಿ ಮೇಲಾಗುತ್ತೆ. ಸಮವಾಗಿ ಹಂಚುತ್ತಾರೆ ಅಂತ ನಾನು ಹೇಳ್ತಿಲ್ಲ. ಆದರೆ ಇಂಥ ದುಡ್ಡು ನಮ್ಮ ತಾಲ್ಲೂಕಿಗೆ ಬಂದಾಗ ಎಲ್ಲಿಗೆ ಹೋಗಬೇಕು ಅನ್ನೋ ಪಟ್ಟಿ ಮೊದಲೇ ತಯಾರಾಗಿರುತ್ತೆ. ಆ ಪಟ್ಟಿಯಲ್ಲಿ ಡಾಂಬರು ಇರುತ್ತೆ, ಸಮುದಾಯ ಭವನ ಇರುತ್ತೆ. ಹೂಳು, ತೂಬು, ಕೋಡಿ ರಿಪೇರಿ ಇರೋದು ಕಡಿಮೆ. ನಾವು ಕೇಳೋದೂ ಡಾಂಬರನ್ನೇ ಅಲ್ಲವೇ? ನಾನೂ ಕೇಳಿದ್ದೆ.

ಬಜೆಟ್ ಪುಸ್ತಕ ನೋಡೋರಿಗೆ ಒಂದು ಮಾತು. ಅದರಲ್ಲಿ ಒಂದೇ ಬಾಬ್ತಿಗೆ ಮೂರು ನಾಲ್ಕು ಅಂಕಣ ಇರುತ್ತವೆ. ಹಿಂದಿನ ವರ್ಷಗಳಲ್ಲಿ ನಿಜವಾಗಿ ಆದ ಖರ್ಚಿನ ಲೆಕ್ಕ, ನಡೆಯುತ್ತಿರೋ ವರ್ಷಕ್ಕೆ ಮೊದಲು ಇಟ್ಟದ್ದು, ಆಮೇಲೆ ತಿದ್ದಿದ್ದು, ಮುಂದಿನ ವರ್ಷಕ್ಕೆ ಇಡೋದು. ಭಾಷಣದಲ್ಲಿ ಬರೋದು ಕಡೇ ಅಂಕಣ ಮಾತ್ರ. ಬಿತ್ತೋವಾಗ ಎಕರೆಗೆ ಎಂಟು ಚೀಲ ಅಂತ ನಾವೂ ಹೇಳ್ತೀವಿ, ಕಣದಲ್ಲಿ ಅಳೆದಾಗ ಮೂರು. ಲೆಕ್ಕದ ಅಂಕಣ ಅಂದರೆ ಕಣದ ಅಳತೆ.

ದೊಡ್ಡ ನೀರಿನ ಮಾತು

ನಮ್ಮ ಕಡೆ ಬಜೆಟ್ ಅಂದರೆ ಜನ ಕೇಳೋ ಪ್ರಶ್ನೆ ಒಂದೇ, ಭದ್ರಾ ಮೇಲ್ದಂಡೆಗೆ ಎಷ್ಟು ಕೊಟ್ಟರು? ತುಂಗಾದಿಂದ 17.40 ಟಿಎಂಸಿ ಎತ್ತಿ ಭದ್ರಾಕ್ಕೆ ಹಾಕಿ, ಅಲ್ಲಿಂದ ಒಟ್ಟು 29.90 ಟಿಎಂಸಿ ನೀರನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಬಯಲಿಗೆ ತರೋ ಯೋಜನೆ. 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ನೀರು ಅಂತ ಹೇಳಿದ್ದಾರೆ. 2008ರಲ್ಲಿ ಇದರ ಅಂದಾಜು 5,985 ಕೋಟಿ ಇತ್ತು. 2015ಕ್ಕೆ 12,340 ಕೋಟಿ, 2020ರ ಡಿಸೆಂಬರಿಗೆ 21,473 ಕೋಟಿ. ಹನ್ನೆರಡು ವರ್ಷದಲ್ಲಿ ಮೂರೂವರೆ ಪಟ್ಟು. ಕೆಲಸ ಒಂದು ವರ್ಷ ತಡವಾದರೆ ಸಿಮೆಂಟು, ಕಬ್ಬಿಣ, ಕೂಲಿ, ಭೂಮಿ ಪರಿಹಾರ ಎಲ್ಲ ಮೇಲೆ ಹೋಗುತ್ತೆ. ಅಜ್ಜಂಪುರದ ಹತ್ತಿರ ಎರಡು ಕಿಲೋಮೀಟರೂ ಇಲ್ಲದ ಕಾಲುವೆ ಜಾಗ ಭೂಮಿ ವಿಚಾರಕ್ಕೆ ವರ್ಷಗಟ್ಟಲೆ ನಿಂತಿತ್ತು. ಅಲ್ಲಿನ ರೈತರನ್ನು ನಾನು ಬೈಯೋಲ್ಲ. ಭೂಮಿ ಕೊಡೋರಿಗೆ ಸರಿಯಾದ ರೇಟು ಸಕಾಲಕ್ಕೆ ಕೊಟ್ಟಿದ್ದರೆ ಉಳೀತಿದ್ದ ದುಡ್ಡು ಅದಕ್ಕಿಂತ ಎಷ್ಟೋ ಹೆಚ್ಚು.

2023ರ ಫೆಬ್ರವರಿ 1ರಂದು ಕೇಂದ್ರದ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಅವರು ಈ ಯೋಜನೆಗೆ 5,300 ಕೋಟಿ ನೆರವು ಅಂತ ಓದಿದರು. ನಮ್ಮೂರಲ್ಲಿ ಪಟಾಕಿ ಹೊಡೆದರು. ಎರಡು ವರ್ಷ ಕಳೆದು 2025ರ ರಾಜ್ಯ ಬಜೆಟ್ ಬಂದಾಗಲೂ ಆ ದುಡ್ಡು ಬಂದಿಲ್ಲ ಅಂತ ರಾಜ್ಯದವರು ದೂರುತ್ತಲೇ ಇದ್ದರು. ಓದೋದು ಬೇರೆ, ಬಿಡುಗಡೆ ಬೇರೆ.

ಆದರೂ ಯೋಜನೆಯಿಂದ ಏನೂ ಆಗಿಲ್ಲ ಅಂದರೆ ತಪ್ಪಾಗುತ್ತೆ. ಅಜ್ಜಂಪುರದ ಸುರಂಗ ಮುಗಿದು ಭದ್ರಾ ನೀರು ವೇದಾವತಿ ಹಿಡಿದು ಮಾರಿಕಣಿವೆಗೆ ಬಂದಿದೆ. 1907ರಲ್ಲಿ ಮುಗಿದ ಆ ಕಟ್ಟೆ 1933ರಲ್ಲಿ ಒಂದು ಸಲ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಆದ ಮೇಲೆ. 2025ರ ಜನವರಿಯಲ್ಲಿ ಇನ್ನೊಂದು ಸಲ. ಮಳೆಯದ್ದೂ ಪಾಲಿದೆ, ಸುರಂಗದ್ದೂ ಪಾಲಿದೆ.

ನನ್ನ ಹೆದರಿಕೆ ಬೇರೆ. ನಾಳೆ ಆ 367 ಕೆರೆಗೆ ಪೈಪಿನಲ್ಲಿ ನೀರು ಬರುತ್ತೆ ಅಂತ ನಂಬಿಕೊಂಡು ಇವತ್ತು ಹಳ್ಳ ಮುಚ್ಚಿಸಿಕೊಂಡರೆ? ಪಂಪಿನ ನೀರಿಗೆ ಕರೆಂಟ್ ಬಿಲ್ ಇರುತ್ತೆ. ಹಳ್ಳದ ನೀರಿಗೆ ಬಿಲ್ ಇಲ್ಲ.

ಗಾರೆ ಕೆಲಸಕ್ಕೆ ಹೋದವರು

ಶೇಂಗಾ ಕೊಳೆತ ನಮ್ಮ ತಮ್ಮ ಎರಡು ವರ್ಷ ನೋಡಿದ. 2019ರಲ್ಲಿ ಮತ್ತೆ ಹೊಲಕ್ಕೆ ನೀರು ನುಗ್ಗಿತು, ಆದರೆ ಕೆಳಗೆ ಕೆರೆ ಖಾಲಿ, ಅವನ ಬೋರು ಬತ್ತಿತು. ಒಂದೇ ಹೊಲದಲ್ಲಿ ನೀರು ಹೆಚ್ಚಾಗಿ ಬೆಳೆ ಹೋಗೋದು, ನೀರಿಲ್ಲದೆ ಬೋರು ಹೋಗೋದು, ಎರಡನ್ನೂ ನಾನು ಅಲ್ಲಿವರೆಗೆ ನೋಡಿರಲಿಲ್ಲ. "ಅಣ್ಣಾ, ಇಲ್ಲಿ ಕೂತು ಏನು ಮಾಡ್ಲಿ" ಅಂತ ಹೆಂಡತಿ ಮಕ್ಕಳನ್ನು ಕರಕೊಂಡು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಮೊದಲು ಜಲ್ಲಿ ಹೊರೋದು, ಈಗ ಸೆಂಟ್ರಿಂಗ್. ನಮ್ಮ ಊರಿನಿಂದ ಹೀಗೆ ಹೋದವರು ಮೂವತ್ತು ಮನೆ ಮೇಲಾಯಿತು. ಕಳೆ ತೆಗೆಯೋ ಕಾಲಕ್ಕೆ ಆಳು ಸಿಗೋಲ್ಲ ಅಂತ ನಾವು ಗೊಣಗುತ್ತೀವಿ, ಆದರೆ ಆಳೆಲ್ಲ ಬೆಂಗಳೂರಿನಲ್ಲಿ ಕಟ್ಟಡ ಕಟ್ಟುತ್ತಿದ್ದಾರೆ.

ಹೋದವರ ಮನೆಯವರು ಇದನ್ನು ಓದುತ್ತಿದ್ದರೆ ಒಂದು ವಿಷಯ. ಕಾಮಗಾರಿಯ ಮೊತ್ತದಲ್ಲಿ ಒಂದು ಪರ್ಸೆಂಟ್ ಸೆಸ್ ಹಿಡಿಯೋದು ಇವರಿಗೋಸ್ಕರವೇ. ಆ ದುಡ್ಡು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತೆ. ಹದಿನೆಂಟರಿಂದ ಅರವತ್ತು ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕಟ್ಟಡದ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ನಮ್ಮ ತಮ್ಮನಿಗೆ ಮೂರು ವರ್ಷ ಇದು ಗೊತ್ತೇ ಇರಲಿಲ್ಲ. ಮೇಸ್ತ್ರಿ ಹೇಳಲಿಲ್ಲ, ಇವನು ಕೇಳಲಿಲ್ಲ.

ಮೋರಿ ಆದದ್ದು

ಐದು ವರ್ಷದ ಕರಾರು 2021ಕ್ಕೆ ಮುಗಿಯಿತು. ಅದೇ ಒಂದು ದಾರಿಯಾಯಿತು. ನಮ್ಮ ಅಭ್ಯಂತರ ಇಲ್ಲ ಅಂತ ಇಲಾಖೆಯವರು ಒಂದು ಕಾಗದ ಕೊಟ್ಟರು. ಅದನ್ನು ಹಿಡಿದು ಗ್ರಾಮಸಭೆಯಲ್ಲಿ ಕೂತೆವು. ಪಂಚಾಯ್ತಿಗೆ ಬರೋ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪಾಲು, ಉಳಿದದ್ದು ತಾಲ್ಲೂಕಿನ ಬೇರೆ ಬಾಬ್ತಿನಲ್ಲಿ. ಸದಸ್ಯರೊಬ್ಬರು ತಮ್ಮ ಕೇರಿಯ ಸಿಮೆಂಟ್ ರಸ್ತೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿಕೊಂಡರು. ಆ ಕೇರಿಯಲ್ಲಿ ಅವರು ಎಷ್ಟು ಮಾತು ಕೇಳಬೇಕಾಯಿತು ಅನ್ನೋದು ನನಗೆ ಗೊತ್ತಿದೆ.

ಹತ್ತಡಿ ಅಗಲ, ನಾಲ್ಕಡಿ ಎತ್ತರದ ಬಾಕ್ಸ್ ಮೋರಿ. 40 ಚದರಡಿ ಬಾಯಿ. ಖರ್ಚು ಹನ್ನೊಂದು ಲಕ್ಷ. 2016ರಲ್ಲೇ ಮಾಡಿದ್ದರೆ ಆರು ಲಕ್ಷದಲ್ಲಿ ಆಗುತ್ತಿತ್ತು ಅಂತ ಅದೇ ಇಂಜಿನಿಯರ್ ಹೇಳಿದರು. 2022ರ ಮೇ ತಿಂಗಳಲ್ಲಿ ಮುಗಿಯಿತು. ಪಕ್ಕದ ಮಣ್ಣನ್ನು ಒಣಮಣ್ಣೇ ತುಂಬಿ ಹೋಗೋಕೆ ನೋಡಿದರು. ನೀರು ಹಾಕಿ ಪದರ ಪದರವಾಗಿ ದಮ್ಮಸು ಮಾಡಿ ಅಂತ ನಾಲ್ಕು ದಿನ ಅಲ್ಲೇ ಕೂತು ಮಾಡಿಸಿದೆವು. ಟ್ಯಾಂಕರ್ ನೀರು ನಾವೇ ಕೊಟ್ಟೆವು.

ಆ ಆಗಸ್ಟ್, ಸೆಪ್ಟೆಂಬರಿನ ಮಳೆ ನೆನಪಿರಬಹುದು. ಮಾರಿಕಣಿವೆ ಕೋಡಿ ಬಿದ್ದ ವಾರವೇ ನಮ್ಮ ಕೆರೆಯೂ ತುಂಬಿತು. ಮೋರಿಯಲ್ಲಿ ಇನ್ನೂ ಒಂದಡಿ ಜಾಗ ಖಾಲಿ ಇತ್ತು, ಕಡ್ಡಿ ಇಟ್ಟು ನೋಡಿದ್ದೆ. ಮುಂದಿನ ವರ್ಷ, 2023ರಲ್ಲಿ, ರಾಜ್ಯದ ಹೆಚ್ಚುಕಡಿಮೆ ಎಲ್ಲ ತಾಲ್ಲೂಕು ಬರ ಅಂತ ಘೋಷಣೆಯಾಯಿತು. ನಮ್ಮೂರಲ್ಲಿ ಬೆಳೆ ಹೋಯಿತು, ಆದರೆ ದನ ಮಾರಲಿಲ್ಲ. ಕೆರೆ ಕೆಳಗಿನ ಎರಡು ಬೋರು ಮತ್ತೆ ಹುಯ್ಯುತ್ತಿದ್ದವು. ತಮ್ಮನದ್ದೂ ಅದರಲ್ಲಿ ಒಂದು. ಅವನಿಗೆ ಫೋನ್ ಮಾಡಿ ಹೇಳಿದೆ. ಮಕ್ಕಳು ಅಲ್ಲೇ ಶಾಲೆಗೆ ಸೇರಿವೆ ಅಂದ. ಹೊಲ ನಾನೇ ಪಾಲಿಗೆ ಮಾಡುತ್ತಿದ್ದೇನೆ.

ಈಗ ಮೇಲಿನ ಹಟ್ಟಿಗೆ ರಸ್ತೆ ಆಗುತ್ತೆ ಅಂತ ಸುದ್ದಿ. ಅದು ಇದೇ ಹಳ್ಳವನ್ನು ಎರಡು ಕಡೆ ದಾಟಬೇಕು. 2022ರಲ್ಲಿ ನೀರು ಬಂದ ಎತ್ತರಕ್ಕೆ ಬೇಲಿ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಇಟ್ಟಿದ್ದೇವೆ. ಸರ್ವೆಗೆ ಬಂದಿದ್ದ ಹುಡುಗನಿಗೆ ತೋರಿಸಿದೆವು. ಫೋಟೋ ಹೊಡೆದುಕೊಂಡ. ಎಸ್ಟಿಮೇಟ್ ಬರೆಯೋ ಮೊದಲು ಹಸ್ತ ಮಳೆಯಲ್ಲಿ ಒಂದು ದಿನ ಬಾರಪ್ಪಾ, ಮನೆಯಲ್ಲೇ ಊಟ ಮಾಡಿ ಹೋಗುವೆಯಂತೆ ಅಂದೆ. ಬರ್ತೀನಿ ಅಂದಿದ್ದಾನೆ.